ಬಾತುಕೋಳಿಯ ಕೊಕ್ಕು

ಹೆರಿಗೆ ರಜೆಗೆ ಹೊರಟಿರುವ ಸಹೋದ್ಯೋಗಿಯೊಬ್ಬಳು ಮೊನ್ನೆ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. "ವಾಪಸ್ ಬಂದ ಮೇಲೆ ನಾನೂ ಎದೆಹಾಲು ಪಂಪ್ ಮಾಡಬೇಕಲ್ವಾ? ಪಂಪು, ಬಾಟಲಿ ಇದರದ್ದೆಲ್ಲ ಮುಖ್ಯವಾದ ನಾಲ್ಕು ಮಾತು ಬರೆದುಕೊಡಿ, ನಿಮಗೆ ಎಲ್ಲ ಗೊತ್ತು" ಎಂದಳು. ಒಳಗೊಳಗೇ ಹಿಗ್ಗಿದೆ. ನನಗೆ ಎಲ್ಲ ಗೊತ್ತು ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಆ ಹಿಗ್ಗು ಮಾರನೆಯ ದಿನ ಹನ್ನೊಂದು ಗಂಟೆಯವರೆಗೂ ಉಳಿದಿತ್ತು.

ಹನ್ನೊಂದು ಗಂಟೆಗೆ ಬಾಗಿಲು ಹಾಕಿಕೊಂಡು ಚೀಲ ಬಿಚ್ಚಿದೆ. ಮೋಟಾರು ಇದೆ. ನಳಿಕೆ ಇದೆ. ಎರಡು ಬಾಟಲಿ, ಎದೆಗೆ ಹಿಡಿಯುವ ಆಲಿಕೆಯಂಥ ಎರಡು ಫ್ಲ್ಯಾಂಜು, ಐಸ್ ಪ್ಯಾಕು, ಮಗಳ ಫೋಟೊ, ಎಲ್ಲ ಇದೆ. ವಾಲ್ವ್ ಇಲ್ಲ. ಒಂದೂ ಇಲ್ಲ. ಬಾತುಕೋಳಿಯ ಕೊಕ್ಕಿನ ಹಾಗಿರುವ, ಹೆಬ್ಬೆರಳಿನ ತುದಿಯಷ್ಟಿರುವ ಬಿಳಿ ರಬ್ಬರು ಅದು. ಅದಿಲ್ಲದೆ ಮೋಟಾರು ಹಾಕಿದರೆ ಗುರ್ ಗುರ್ ಅನ್ನುತ್ತದೆ. ಗಾಳಿ ಸುಮ್ನೆ ಒಳಗೆ ಹೊರಗೆ ಓಡಾಡುತ್ತದೆ. ಹಾಲು ಮಾತ್ರ ಬರುವುದಿಲ್ಲ.

ಇದ್ದರೂ ಅದನ್ನು ನಂಬುವ ಹಾಗಿಲ್ಲ. ದಿನಾ ತೊಳೆದು ತೊಳೆದು ಕೊಕ್ಕಿನ ಸೀಳು ಸಡಿಲವಾಗುತ್ತದೆ. ಪಂಪಿನ ಎಳೆತ ಕಮ್ಮಿಯಾಗುತ್ತದೆ. ನಾವೋ ಎದೆಯಲ್ಲಿ ಹಾಲೇ ಬತ್ತಿತು ಎಂದು ಕಣ್ಣೀರು ಹಾಕುತ್ತಿರುತ್ತೇವೆ. ಹೊಸ ವಾಲ್ವ್ ಹಾಕಿದ ದಿನ ಹಾಲು ಮರಳಿ ಬರುತ್ತದೆ. ಒಂದು ವಾರ ಅತ್ತಿದ್ದು ರಬ್ಬರಿಗಾಗಿ ಎಂದು ಆಗ ಗೊತ್ತಾಗುತ್ತದೆ.

ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಮಧ್ಯಾಹ್ನದವರೆಗೆ ತಡೆಯುವಂತಿರಲಿಲ್ಲ. ಕೈಯಲ್ಲೇ ಹಿಂಡಿದೆ. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ತೊಟ್ಟಿನಿಂದ ಸ್ವಲ್ಪ ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಬೇಕು, ಆಮೇಲೆ ಹಿಂಡಬೇಕು. ತೊಟ್ಟನ್ನೇ ಹಿಡಿದು ಎಳೆದರೆ ನೋವಷ್ಟೇ ಲಾಭ. ನಡುವೆ ಯಾರೋ ಬಾಗಿಲು ಬಡಿದು ಪ್ರಿಂಟರ್ ಕಾಗದ ಕೇಳಿದರು. ಹೌದು, ನಮ್ಮ ತಾಯಂದಿರ ಕೋಣೆಯಲ್ಲಿ ಪ್ರಿಂಟರ್ ಕಾಗದವೂ ಇದೆ. ಕಾಲು ಮುರಿದ ಮೂರು ಕುರ್ಚಿಗಳೂ ಇವೆ. ಇಲ್ಲ ಎಂದೆ. "ಒಂದೇ ಬಂಡಲ್ ಸಾಕು" ಎಂದರು. ಆಕ್ಸಿಟೋಸಿನ್ ಎಂಬ ಹಾರ್ಮೋನು ಬಂದರೆ ಹಾಲು ಇಳಿಯುತ್ತದೆ, ಗಾಬರಿ ಸಿಟ್ಟು ಇದ್ದರೆ ತಡೆಯುತ್ತದೆ, ಆದ್ದರಿಂದ ಮನಸ್ಸು ಹಗುರವಾಗಿಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೂ ಹೌದು. ನಿಜವಾಗಿರುವುದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತದೆ.

ಅರ್ಧ ಗಂಟೆಗೆ 40 ಮಿಲಿ ಬಂತು. ಸಂಜೆ ಮನೆಗೆ ಹೋದರೆ ಎರಡು ವಾಲ್ವುಗಳೂ ಪಾತ್ರೆ ಒಣಗಿಸುವ ಬಟ್ಟೆಯ ಮಡಿಕೆಯಲ್ಲಿ ಅವಳಿ ಮಕ್ಕಳ ಹಾಗೆ ಮಲಗಿದ್ದವು.

ರಾತ್ರಿ ಎರಡಕ್ಕೆ ಎದ್ದೆ. ಆ ಹೊತ್ತಿನಲ್ಲಿ ಹಾಲು ತಯಾರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಜಾಸ್ತಿ, ಹಾಲೂ ಜಾಸ್ತಿ. ಎರಡೂ ಕಡೆ ಪಂಪು ಸಿಕ್ಕಿಸಿಕೊಂಡು ಕೂತರೆ ಕೈ ಖಾಲಿ. ಸಹೋದ್ಯೋಗಿಯ ನಾಲ್ಕು ಮಾತು ಬರೆದು ಮುಗಿಸಲು ಫೋನ್ ತೆಗೆದೆ. "1. ವಾಲ್ವ್" ಎಂದು ಬರೆದೆ. ಇಷ್ಟು ಸಣ್ಣದನ್ನು ನಂಬಿ ಇಷ್ಟು ದೊಡ್ಡ ಯಂತ್ರ ಕಟ್ಟಿದ ಪುಣ್ಯಾತ್ಮ ಯಾರು ಎಂಬ ಪ್ರಶ್ನೆ ಬಂತು. ಬಂದ ಮೇಲೆ ಮುಗಿಯಿತು, ಹುಡುಕಲೇಬೇಕು.

1854ರಲ್ಲೇ ಅಮೆರಿಕದಲ್ಲಿ ಆರ್ವೆಲ್ ನೀಡಮ್ ಎಂಬಾತ ಒಂದು ಪಂಪಿಗೆ ಪೇಟೆಂಟ್ ಪಡೆದಿದ್ದಾನೆ. ಅವನ ಬಗ್ಗೆ ಓದಲು ಹೊರಟವಳಿಗೆ ಇನ್ನೊಂದು ಹೆಸರು ಸಿಕ್ಕಿತು. ಎಡ್ವರ್ಡ್ ಲಾಸ್ಕರ್. 1920ರ ದಶಕದಲ್ಲಿ ಯಂತ್ರದ ಪಂಪು ಮಾಡಿ ಪೇಟೆಂಟ್ ಪಡೆದವನು. ಅವಧಿಗೆ ಮುಂಚೆ ಹುಟ್ಟಿದ ಎಷ್ಟೋ ಕೂಸುಗಳಿಗೆ ಅದರಿಂದ ಹಾಲು ಸಿಕ್ಕಿತು. ಓದಿದ್ದು ಇಂಜಿನಿಯರಿಂಗ್. ಹೆಸರು ಮಾಡಿದ್ದು ಚದುರಂಗದಲ್ಲಿ! ಗೆಳೆಯರು ಅವನನ್ನು ಚೆಸ್ ಪ್ಲೇಯರ್ ಅಲ್ಲ, ಚೆಸ್ಟ್ ಪ್ಲೇಯರ್ ಎಂದು ರೇಗಿಸುತ್ತಿದ್ದರಂತೆ. ನಗು ಬಂತು. ನಗು ಬಂದದ್ದಕ್ಕೆ ನನ್ನ ಮೇಲೇ ಬೇಜಾರಾಯಿತು.

ಇವನ ಒಂದು ಆಟ ಬಹಳ ಪ್ರಸಿದ್ಧ. 1912, ಲಂಡನ್, ಎದುರಾಳಿ ಜಾರ್ಜ್ ಥಾಮಸ್. ನಡೆಗಳನ್ನು ಓದುತ್ತಾ ಹೋದರೆ ತಲೆಗೆ ಹತ್ತಲಿಲ್ಲ. ಟೀಪಾಯಿ ಕೆಳಗೆ ಧೂಳು ತಿನ್ನುತ್ತಿದ್ದ ಹಲಗೆಯನ್ನು ಕಾಲಲ್ಲಿ ಎಳೆದುಕೊಂಡೆ. ನಳಿಕೆ ಇದ್ದಷ್ಟೇ ನನ್ನ ಲೋಕ. ಕಾಯಿ ಜೋಡಿಸಿದರೆ ಬಿಳಿ ಕುದುರೆ ಒಂದು ಕಮ್ಮಿ. ಕೈಗೆ ಸಿಕ್ಕಿದ ಬಾಟಲಿ ನಿಪ್ಪಲ್ ಒಂದನ್ನು ಅದರ ಮನೆಯಲ್ಲಿ ನಿಲ್ಲಿಸಿದೆ. ಚೆನ್ನಾಗಿಯೇ ನಿಂತಿತು.

ಹನ್ನೊಂದನೆಯ ನಡೆಯಲ್ಲಿ ಲಾಸ್ಕರ್ ತನ್ನ ರಾಣಿಯನ್ನು ಕೊಟ್ಟುಬಿಡುತ್ತಾನೆ. ಎದುರಾಳಿ ರಾಜನ ಕಾವಲಿಗಿದ್ದ ಒಂದು ಕಾಲಾಳಿಗೆ ಬದಲಾಗಿ! ರಾಜ ಬಂದು ರಾಣಿಯನ್ನು ತಿನ್ನುತ್ತಾನೆ. ಆಗ ನನ್ನ ನಿಪ್ಪಲ್ ಹಾರಿ ಚೆಕ್ ಕೊಟ್ಟಿತು. ಅದು ಜಾಗ ಬಿಟ್ಟ ಕೂಡಲೇ ಹಿಂದಿದ್ದ ಒಂಟೆಯ ಚೆಕ್ಕೂ ಸೇರಿಕೊಂಡಿತು. ರಾಜ ಮುಂದಕ್ಕೆ ಬರಲೇಬೇಕು. ಇನ್ನೊಂದು ಕುದುರೆಯ ಚೆಕ್, ಮತ್ತೊಂದು ಮನೆ ಮುಂದೆ. ಕಾಲಾಳಿನ ಚೆಕ್, ಮತ್ತೊಂದು ಮನೆ. ತನ್ನ ಅರಮನೆಯಲ್ಲಿ ಬೆಚ್ಚಗೆ ಕೂತಿದ್ದ ಕಪ್ಪು ರಾಜ ಒಬ್ಬನೇ ಇಡೀ ಹಲಗೆ ದಾಟಿ, ಲಾಸ್ಕರನ ಮನೆಯ ಕೊನೆಯ ಸಾಲಿಗೆ ಬಂದು ಸಿಕ್ಕಿಬೀಳುತ್ತಾನೆ. ಹದಿನೆಂಟನೆಯ ನಡೆಯಲ್ಲಿ ಲಾಸ್ಕರ್ ತನ್ನ ರಾಜನನ್ನು ಒಂದು ಮನೆ ಸರಿಸುತ್ತಾನೆ, ಅಷ್ಟೆ. ಹಿಂದಿದ್ದ ಆನೆಗೆ ದಾರಿ ತೆರೆಯುತ್ತದೆ. ಆಟ ಮುಗಿಯಿತು.

ಎರಡು ಸಲ ಆಡಿದೆ. ಮೂರನೆಯ ಸಲ ಕಪ್ಪು ರಾಜನ ಕಡೆ ಕೂತು ನೋಡಿದೆ, ಪಾಪ ಅನ್ನಿಸಿತು. ಕಾಯಿ ಕಳೆದುಕೊಂಡೂ ಗೆದ್ದವನ ಮೇಲೆ ಹೊಟ್ಟೆಕಿಚ್ಚೂ ಆಯಿತು. ರಾಣಿಯನ್ನು ಬೇಕಂತಲೇ ಕಳೆದರೆ ನೂರು ವರ್ಷ ಹೊಗಳುತ್ತಾರೆ. ಬೆಳಗಿನ ಗಡಿಬಿಡಿಯಲ್ಲಿ ನಾನೊಂದು ರಬ್ಬರು ಬಿಟ್ಟು ಹೋದರೆ "ಚೀಲ ರಾತ್ರಿಯೇ ಜೋಡಿಸಿ ಇಡಬಾರದಾ" ಅನ್ನುತ್ತಾರೆ.

ಇಪ್ಪತ್ತು ನಿಮಿಷದ ಪಂಪು ಐವತ್ತಾಗಿತ್ತು. ಮತ್ತೆ ಪಟ್ಟಿಗೆ ಬಂದೆ. "2. ಫ್ಲ್ಯಾಂಜ್" ಎಂದು ಬರೆದೆ. ಪೆಟ್ಟಿಗೆಯಲ್ಲಿ ಬಂದದ್ದು 24 ಮಿಲಿಮೀಟರಿನದು. ಆರು ವಾರ ಹಲ್ಲು ಕಚ್ಚಿಕೊಂಡು ಅದನ್ನೇ ಬಳಸಿದೆ. ಕೊನೆಗೊಂದು ದಿನ ಸ್ಕೇಲ್ ಹಿಡಿದು ತೊಟ್ಟು ಅಳೆದರೆ ನನಗೆ ಬೇಕಿದ್ದದ್ದು 19. ಚಪ್ಪಲಿ ಕೊಳ್ಳುವಾಗಲಾದರೂ ಕಾಲಿನ ಅಳತೆ ಕೇಳುತ್ತಾರೆ. ಇಲ್ಲಿ ಲೋಕದ ತಾಯಂದಿರೆಲ್ಲ ಒಂದೇ ಅಚ್ಚು ಎಂದು ಯಾರೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಇದನ್ನೆಲ್ಲ ಬರೆದೆ, ಓದಿದೆ, ಅಳಿಸಿದೆ. ಚೊಚ್ಚಲ ಬಸುರಿಗೆ ಕಳಿಸುವ ಮಾತಲ್ಲ.

"3. ಸಮಯ." ಇದು ಸುಲಭ. ಆಗಷ್ಟೇ ಹಿಂಡಿದ ಹಾಲು ಹೊರಗೆ 25 ಡಿಗ್ರಿಯೊಳಗೆ 4 ಗಂಟೆ, ಫ್ರಿಡ್ಜಿನಲ್ಲಿ 4 ದಿನ. ಫ್ರೀಜರಿನಲ್ಲಿ ಸುಮಾರು 6 ತಿಂಗಳು ಚೆನ್ನಾಗಿರುತ್ತದೆ. ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡುವ ಹಾಗಿಲ್ಲ. ಮಗು ಕುಡಿದು ಬಿಟ್ಟದ್ದು 2 ಗಂಟೆಯೊಳಗೆ ಮುಗಿಯಬೇಕು, ಇಲ್ಲವೇ ಸಿಂಕಿಗೆ. ಅದಕ್ಕೇ ಒಂದು ಬಾಟಲಿಗೆ 60 ಮಿಲಿ ಸಾಕು, ಬೇಕಾದರೆ ಆಮೇಲೆ ಇನ್ನೊಂದು. ಕಾಗದದ ಬಂಡಲ್ ಕೇಳುವವರಿಗೆ ಕಿವಿಗೊಟ್ಟು ಹಿಂಡಿದ ಹಾಲನ್ನು ಸಿಂಕಿಗೆ ಸುರಿದು ನೋಡಿ, ಗೊತ್ತಾಗುತ್ತದೆ.

"4. ನಿಪ್ಪಲ್." ಇಲ್ಲಿ ಹೇಳುವುದು ಬಹಳ ಇತ್ತು. ನಿಧಾನವಾಗಿ ಹರಿಯುವುದನ್ನೇ ತನ್ನಿ. ಅದರ ಮೇಲೆ ಬರೆದಿರುವ ನಂಬರು ನಂಬಬೇಡಿ, ಒಂದು ಕಂಪನಿಯ 1 ಇನ್ನೊಂದು ಕಂಪನಿಯ 2ಕ್ಕಿಂತ ಜೋರಾಗಿ ಹರಿಯಬಹುದು. ನಾವು ಐದು ನಮೂನೆ ತಂದೆವು. ಮಗಳು ನಾಲ್ಕನ್ನು ನಾಲಿಗೆಯಿಂದ ತಳ್ಳಿ, ಒಂದನ್ನು ಮಾತ್ರ ಒಪ್ಪಿದಳು. ಆ ಜಾತಿಯದು ಮನೆಯಲ್ಲಿರುವುದೂ ಒಂದೇ. ಇಷ್ಟನ್ನೂ ಬರೆಯಬೇಕೆಂದು ಯೋಚಿಸುತ್ತಲೇ ನಿದ್ದೆ ಹೋದೆ.

ಬೆಳಿಗ್ಗೆ ಎಚ್ಚರವಾದದ್ದು ಅಳುವಿಗೆ. ಮಗಳು ಒಂದು ಕಡೆ ಕಿರುಚುತ್ತಿದ್ದಳು. ಗಂಡ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸುತ್ತಿದ್ದ. "ಆ ನಿಪ್ಪಲ್ ಎಲ್ಲಿ? ಉಳಿದ ನಾಲ್ಕೂ ಇಲ್ಲೇ ಇವೆ."

ನಾನು ಟೀಪಾಯಿ ಕಡೆ ನೋಡಿದೆ. ಅದು ಕಪ್ಪು ರಾಜನ ಹಳೆಯ ಮನೆಯ ಹತ್ತಿರ ನೆಟ್ಟಗೆ ನಿಂತಿತ್ತು.

"ಅಲ್ಲಿ, ಕುದುರೆ ಇರಬೇಕಾದ ಕಡೆ" ಎಂದೆ. "ಕುದಿಸಿ ಕೊಡು."