ಶಿಶುವಿನ ಮೆದುಳು ಏನನ್ನೂ ದಾಖಲಿಸುವುದಿಲ್ಲವೇ? ಸತ್ಯಾಂಶ ಇಲ್ಲಿದೆ

‘ಮೂರು ವರ್ಷದವರೆಗೆ ಮಗುವಿನ ಮೆದುಳು ಏನನ್ನೂ ದಾಖಲಿಸುವುದಿಲ್ಲ, ಆಗ ನಡೆದದ್ದು ಲೆಕ್ಕಕ್ಕಿಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಹೆಚ್ಚಿನವರ ಮೊದಲ ನೆನಪು ಮೂರು, ಮೂರೂವರೆ ವರ್ಷದ ಸುಮಾರಿನದು ಎಂಬುದು ನಿಜ. ಉಳಿದದ್ದು ತಪ್ಪು, ಅದೂ ಮಕ್ಕಳಿಗೆ ಅನ್ಯಾಯ ಮಾಡುವ ತಪ್ಪು.

ಮನೋವಿಜ್ಞಾನಿ ಕ್ಯಾರೊಲಿನ್ ರೋವಿ-ಕೋಲಿಯರ್ ತೊಟ್ಟಿಲ ಮೇಲೆ ತೂಗುವ ಆಟಿಕೆಗೂ ಕೂಸಿನ ಕಾಲಿಗೂ ರಿಬ್ಬನ್ ಕಟ್ಟಿದರು. ಒದ್ದರೆ ಆಟಿಕೆ ಕುಣಿಯುತ್ತದೆ ಎಂದು ಕಲಿತ ಮೂರು ತಿಂಗಳ ಶಿಶುಗಳು ಹಲವು ದಿನಗಳ ನಂತರವೂ ಅದನ್ನು ಕಂಡೊಡನೆ ಒದ್ದವು. ಆರು ತಿಂಗಳ ಶಿಶುಗಳಲ್ಲಿ ಈ ನೆನಪು ಸುಮಾರು ಎರಡು ವಾರ ಉಳಿಯಿತು. 2025ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಎಚ್ಚರವಾಗಿದ್ದ ಶಿಶುಗಳನ್ನೇ ಸ್ಕ್ಯಾನ್ ಮಾಡಿದರು (ಎಷ್ಟು ತಾಳ್ಮೆ ಬೇಕಿತ್ತೋ!). ಒಂದು ವರ್ಷದ ಹೊತ್ತಿಗೇ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗವು ಶಿಶುಗಳು ಕಂಡ ಚಿತ್ರಗಳನ್ನು ನೆನಪಿಗೆ ಸೇರಿಸುತ್ತಿತ್ತು.

ಹಾಗಾದರೆ ಆ ನೆನಪು ಕೈಗೆಟಕುವುದಿಲ್ಲ ಏಕೆ? ಒಂದೇ ಕಾರಣವಿಲ್ಲ. ಎಳವೆಯಲ್ಲಿ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಭರದಿಂದ ಹುಟ್ಟಿ ಹಳೆಯ ಜೋಡಣೆಗಳನ್ನು ಕದಡುತ್ತವೆ ಎಂಬುದು ಒಂದು ವಿವರಣೆ. 2014ರ ಪ್ರಯೋಗದಲ್ಲಿ ಈ ಹುಟ್ಟನ್ನು ತಗ್ಗಿಸಿದಾಗ ಇಲಿಮರಿಗಳ ಮರೆವೂ ತಗ್ಗಿತು. ಭಾಷೆ, ‘ನಾನು’ ಎಂಬ ಅರಿವು ಇನ್ನೂ ಬಲಿತಿರುವುದಿಲ್ಲ ಎಂಬುದೂ ಸೇರುತ್ತದೆ.

ಇನ್ನೊಂದು ವಿಷಯ. ಐದಾರು ವರ್ಷದ ಮಕ್ಕಳು ಮೂರರ ವಯಸ್ಸಿನ ಘಟನೆಗಳನ್ನು ಚೆನ್ನಾಗಿಯೇ ಹೇಳುತ್ತಾರೆ. ಎಂಟು, ಒಂಬತ್ತರ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಅಳಿಸಿಹೋಗಿರುತ್ತದೆ.