ಶುದ್ಧ ಸಿರಾಯ ಬೇಕಂತೆ ಇವರಿಗೆ

ತೈವಾನಿನ ಮೂಲನಿವಾಸಿ ಸಿರಾಯ ಜನಾಂಗದ ಮಕ್ಕಳು ತಮ್ಮ ಸಿರಾಯ ಭಾಷೆಯಲ್ಲಿ ಹಾಡುವ ವಿಡಿಯೋ ಹಂಚಿಕೊಂಡಿದ್ದೆ. ಅದರ ಕೆಳಗೆ ಒಬ್ಬ ಪಂಡಿತರು ಪ್ರತ್ಯಕ್ಷರಾದರು. "ಇದು ಅಸಲಿ ಸಿರಾಯ ಅಲ್ಲ, ಹಳೇ ಬೈಬಲ್ ನೋಡಿ ಕಟ್ಟಿದ್ದು" ಅಂತೆ. ಆಗಿನಿಂದ ತಲೆ ಬಿಸಿ.

ಹೌದು ಸ್ವಾಮಿ, ಬೈಬಲ್ ನೋಡಿಯೇ ಕಟ್ಟಿದ್ದು. ಬೇರೆ ಏನಿತ್ತು? ದಕ್ಷಿಣ ತೈವಾನಿನ ತೈನಾನ್ ನಗರದ ಸುತ್ತಮುತ್ತಲಿನ ಈ ಭಾಷೆ 19ನೇ ಶತಮಾನ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಯಾರ ಬಾಯಲ್ಲೂ ಇರಲಿಲ್ಲ. ಆಗ ಅಲ್ಲಿ ಆಳುತ್ತಿದ್ದವರು ಡಚ್ಚರು; ಅವರ ಪಾದ್ರಿ ಡೇನಿಯಲ್ ಗ್ರಾವಿಯಸ್ ಸಿರಾಯಕ್ಕೆ ಅನುವಾದಿಸಿದ ಬೈಬಲಿನ ಮತ್ತಾಯನ ಸುವಾರ್ತೆ 1661ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಮರುವರ್ಷವೇ ಡಚ್ಚರು ತೈವಾನಿನಿಂದ ಗಂಟುಮೂಟೆ ಕಟ್ಟಿದರು. ಆದರೆ ಅವರು ಕಲಿಸಿದ ರೋಮನ್ ಅಕ್ಷರ ಹೋಗಲಿಲ್ಲ. ಸುಮಾರು ನೂರೈವತ್ತು ವರ್ಷ ಆದಮೇಲೂ ಜನ ಹೊಲ ಅಡವಿಟ್ಟ ಪತ್ರಗಳನ್ನು ಅದೇ ಲಿಪಿಯಲ್ಲಿ, ಸಿರಾಯದಲ್ಲೇ ಬರೆಯುತ್ತಿದ್ದರು. ಹೆಬ್ಬಾತಿನ ಗರಿಯನ್ನು ಮಸಿಯಲ್ಲಿ ಅದ್ದಿ! ಕೆಲವದರಲ್ಲಿ ಪಕ್ಕಕ್ಕೇ ಚೀನಿ ಬರಹವೂ ಇದೆ. ದುಡ್ಡಿನ ವ್ಯವಹಾರವನ್ನೇ ನಂಬಿ ಒಪ್ಪಿಸಿದ ಭಾಷೆ ಅದು.

ಸಿರಾಯ ಹೋರಾಟಗಾರ್ತಿ ಉಮಾ ತಲಾವನ್ ಅವರ ಗಂಡ ಎಡ್ಗರ್ ಮಕಾಪಿಲಿ ಫಿಲಿಪ್ಪೀನ್ಸ್‌ನ ಸಂಗೀತಗಾರ. ಗ್ರಾವಿಯಸ್‌ನ ಪುಸ್ತಕ ಓದಿದರೆ ಅರ್ಧಂಬರ್ಧ ತನ್ನ ಮನೆಮಾತು ಬಿಸಾಯದ ಹಾಗೇ ಕೇಳಿಸಿತು. ಆಶ್ಚರ್ಯವಿಲ್ಲ, ಎರಡೂ ಆಸ್ಟ್ರೋನೇಷ್ಯನ್ ಅನ್ನೋ ಒಂದೇ ಭಾಷಾ ಕುಟುಂಬದವು. ಕೂತು ಪದ ಹೆಕ್ಕಿ 2008ರಲ್ಲಿ ಪದಕೋಶ ತಂದರು. ಅದರಿಂದ ಹಾಡು, ಪಾಠ, ಶಾಲೆ. ಈ ಸಿರಾಯರ ಅಳಿಯ ಹೊರಗಿನವನು ಅನ್ನೋದೂ ಪಂಡಿತರ ತಕರಾರು. ಒಳಗಿನವರು ನೀವು ಏನು ಮಾಡಿದಿರಿ ಸ್ವಾಮಿ?

ಪಂಡಿತರ ಮಾತಲ್ಲಿ ಸ್ವಲ್ಪ ಸತ್ಯ ಇದೆ, ಇಲ್ಲ ಅನ್ನಲ್ಲ. ಡಚ್ ಕಾಗುಣಿತ ನೋಡಿ ಉಚ್ಚಾರ ಊಹಿಸಬೇಕು. ಮತ್ತಾಯನಿಗೆ ಬೇಡವಾದ ಪದ ಪುಸ್ತಕದಲ್ಲಿಲ್ಲ. ಮೊಬೈಲಿಗೆ ಏನಂತಾರೋ! ಅದಕ್ಕೇನೀಗ? ನಾನು ಬೆಳಿಗ್ಗೆಯಿಂದ ಆಡಿದ ಕನ್ನಡದಲ್ಲಿ ಪಂಪನಿಗೆ ಎಷ್ಟು ಅರ್ಥವಾಗುತ್ತಿತ್ತು? ನನ್ನದು ಅಸಲಿ, ಆ ಮಕ್ಕಳದ್ದು ನಕಲಿ, ಅಲ್ವಾ?

ಇಷ್ಟು ಉರಿ ಯಾಕೆ ಅಂದ್ರೆ, ನನ್ನ ಮನೆಮಾತು ತುಳು. "ನಿಮ್ಮದಕ್ಕೆ ಲಿಪಿ ಎಲ್ಲಿದೆ" ಅಂತ ನಕ್ಕವರನ್ನು ಕಂಡು ಕಂಡು ಸಾಕಾಗಿದೆ. ಲಿಪಿ ಇದ್ದವರಿಗೆ ಬಾಯಿ ಎಲ್ಲಿ ಅಂತಾರೆ, ಬಾಯಿ ಬಂದರೆ ಶುದ್ಧಿ ಎಲ್ಲಿ ಅಂತಾರೆ.

1950ರ ದಶಕದಲ್ಲಿ ಹೆಸರು ನೋಂದಾಯಿಸಲಿಲ್ಲ ಅನ್ನುವ ನೆಪ ಹೇಳಿ ತೈವಾನ್ ಸರ್ಕಾರವೂ ಸಿರಾಯರನ್ನು ಮೂಲನಿವಾಸಿಗಳ ಪಟ್ಟಿಯಿಂದ ಹೊರಗಿಟ್ಟಿತ್ತು. ಅದು ತಪ್ಪು ಅಂತ 2022ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಹೇಳಿತು. ಕೋರ್ಟೇ ಒಪ್ಪಿದ ಮೇಲೆ ಉಳಿದಿರೋದು ನಮ್ಮ ಪಂಡಿತರೊಬ್ಬರೇ. ವಿಡಿಯೋ ಮತ್ತೆ ಹಾಕ್ತಿದ್ದೀನಿ, ಅವರನ್ನೂ ಟ್ಯಾಗ್ ಮಾಡಿ.