ಬಿಸಿಲು ಬಿಟ್ಟಿ, ಬಿಲ್ ಯಾಕೆ ದುಬಾರಿ?

ಬಿಸಿಲಿಗೆ ಯಾರೂ ದುಡ್ಡು ಕೇಳುವುದಿಲ್ಲ, ಗಾಳಿಗೂ ಇಲ್ಲ. ಹಾಗಿದ್ದರೆ ಕರೆಂಟ್ ಬಿಲ್ ಯಾಕೆ ಇಳಿಯುತ್ತಿಲ್ಲ? ಈ ಮಾತು ಬಂದಾಗಲೆಲ್ಲ ಒಬ್ಬರು ಸೋಲಾರನ್ನು ಬೈಯುತ್ತಾರೆ, ಇನ್ನೊಬ್ಬರು ಸೋಲಾರಿನ ತಪ್ಪೇ ಇಲ್ಲ ಎನ್ನುತ್ತಾರೆ. ನನ್ನ ತಕರಾರು ಪ್ಯಾನೆಲ್ ಮೇಲಲ್ಲ. ಅದರ ಖರ್ಚನ್ನು ಯಾರ ತಲೆಗೆ ಕಟ್ಟಿದರು ಅನ್ನುವುದರ ಮೇಲೆ.

ಜರ್ಮನಿಯನ್ನೇ ನೋಡಿ. 2000ದಲ್ಲಿ ಅಲ್ಲಿ ಒಂದು ಕಾನೂನು ಬಂತು. ಸೋಲಾರ್ ಹಾಕಿದವರಿಗೆ 20 ವರ್ಷ ಒಂದೇ ದರ, ಗ್ಯಾರಂಟಿ. ಆಗ ಪ್ಯಾನೆಲ್ ವಿಪರೀತ ದುಬಾರಿ. ಹಾಗಾಗಿ ಶುರುವಿನ ವರ್ಷಗಳಲ್ಲಿ ಯೂನಿಟ್‌ಗೆ 50 ಸೆಂಟ್‌ಗೂ ಜಾಸ್ತಿ ಕೊಟ್ಟರು. ಮಾರುಕಟ್ಟೆಯಲ್ಲಿ ಅದೇ ಯೂನಿಟ್‌ಗೆ ಅದರ ಕಾಲು ಭಾಗವೂ ಸಿಗುತ್ತಿರಲಿಲ್ಲ. ನಡುವಿನ ಕೊರತೆಯನ್ನು ಸರ್ಕಾರ ಬೊಕ್ಕಸದಿಂದ ತುಂಬಲಿಲ್ಲ. ಯೂನಿಟ್ ಲೆಕ್ಕದಲ್ಲಿ ಬಿಲ್ಲಿಗೆ ಸೇರಿಸಿ ಜನರಿಂದ ವಸೂಲಿ ಮಾಡಿತು. 2017ರ ಹೊತ್ತಿಗೆ ಅದು ಯೂನಿಟ್‌ಗೆ 6.88 ಸೆಂಟ್ ಆಗಿತ್ತು. ಮನೆಯವರು ಕೊಡುವ ದರದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು!

ತಮಾಷೆ ಇರುವುದು ಮುಂದೆ. ಸೋಲಾರ್ ಹೆಚ್ಚಾದಂತೆ ಮಧ್ಯಾಹ್ನದ ಮಾರುಕಟ್ಟೆ ದರ ಬಿತ್ತು. ಆದರೆ ಗ್ಯಾರಂಟಿ ದರ ಹಾಗೇ ಇತ್ತಲ್ಲ, ಕೊರತೆ ಇನ್ನಷ್ಟು ಬೆಳೆಯಿತು. ಅಂದರೆ ಸೋಲಾರ್ ಕರೆಂಟನ್ನು ಅಗ್ಗ ಮಾಡಿದಷ್ಟೂ ಬಿಲ್ಲಿನಲ್ಲಿ ಆ ಸಾಲಿನ ಮೊತ್ತ ಏರಿತು. ಇದರ ಮೇಲೆ, ಕರೆಂಟನ್ನು ನೀರಿನಂತೆ ಬಳಸುವ ದೊಡ್ಡ ಕಾರ್ಖಾನೆಗಳಿಗೆ ಬಹುಪಾಲು ವಿನಾಯಿತಿ. ಅವರು ಕೊಡದ್ದನ್ನು ಉಳಿದವರು ಕೊಟ್ಟರು. 2022ರ ಜುಲೈನಲ್ಲಿ ಕೊನೆಗೂ ಇದನ್ನು ಬಿಲ್ಲಿನಿಂದ ತೆಗೆದು ಬಜೆಟ್‌ಗೆ ಹಾಕಿದರು. ಈ ಬುದ್ಧಿ ಬರಲು 22 ವರ್ಷ ಬೇಕಾಯಿತು.

ಅದೇ ವರ್ಷ ಯುರೋಪಿನಲ್ಲಿ ಬಿಲ್ ಗಗನಕ್ಕೇರಿತು. ಈ ಸಲ ಕಾರಣ ಗ್ಯಾಸ್. ಅಲ್ಲಿನ ಸಗಟು ಮಾರುಕಟ್ಟೆಯಲ್ಲಿ ಅಗ್ಗದ ಸ್ಥಾವರಗಳನ್ನು ಮೊದಲು ಕರೆಯುತ್ತಾರೆ, ಬೇಡಿಕೆ ತುಂಬಲು ಕೊನೆಗೆ ಕರೆದ ಸ್ಥಾವರದ ದರವೇ ಆ ಹೊತ್ತಿನ ಎಲ್ಲರ ದರ. ಹಲವು ಗಂಟೆ ಆ ಕೊನೆಯವನು ಗ್ಯಾಸ್ ಸುಡುವವನೇ. ಗಾಳಿ ಕರೆಂಟೂ ಗ್ಯಾಸ್ ಬೆಲೆಗೇ ಮಾರಾಟವಾಯಿತು. ಆಗಲೂ ಬೈಗುಳ ತಿಂದಿದ್ದು ಗಾಳಿಯಂತ್ರಗಳೇ, ಪಾಪ.

ಬಡವರ ಆದಾಯದಲ್ಲಿ ಕರೆಂಟ್ ಬಿಲ್ಲಿನ ಪಾಲು ದೊಡ್ಡದು. ಹಾಗಾಗಿ ಬಿಲ್ಲಿನಲ್ಲಿ ವಸೂಲಿ ಮಾಡಿದರೆ ಪೆಟ್ಟು ಅವರಿಗೇ ಜೋರು. ಆದಾಯ ತೆರಿಗೆಯಿಂದ ಕೊಟ್ಟರೆ ಉಳ್ಳವರು ಜಾಸ್ತಿ ಕೊಡುತ್ತಾರೆ. ಇಷ್ಟು ಸರಳ ಲೆಕ್ಕಕ್ಕೆ ಇಷ್ಟೊಂದು ಸುತ್ತಾಟ ಯಾಕೋ!

ಚಾವಣಿ ಸೋಲಾರ್ ವಿಷಯದಲ್ಲೂ ಇದೇ ಗೊಂದಲ. ಸ್ವಂತ ಸೂರು ಇದ್ದವರು ಪ್ಯಾನೆಲ್ ಹಾಕಿಸಿ ಬಿಲ್ ಇಳಿಸಿಕೊಳ್ಳುತ್ತಾರೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಖರ್ಚು ಮಾತ್ರ ಇಳಿಯುವುದಿಲ್ಲ. ಅದು ಬಾಡಿಗೆ ಮನೆಯವರ ಕಡೆ ಜಾರುತ್ತದೆ. ಕ್ಯಾಲಿಫೋರ್ನಿಯಾ 2023ರ ಏಪ್ರಿಲ್‌ನಿಂದ ಹೊಸದಾಗಿ ಹಾಕಿಸುವವರು ಗ್ರಿಡ್‌ಗೆ ಕೊಡುವ ಕರೆಂಟಿನ ಬೆಲೆಯನ್ನು ತೀರಾ ಇಳಿಸಿದ್ದಕ್ಕೆ ಕೊಟ್ಟ ಮುಖ್ಯ ಕಾರಣ ಇದೇ. ಆ ಕಡಿತ ಸ್ವಲ್ಪ ಅತಿಯಾಯಿತು ಅಂತ ನನಗೂ ಅನ್ನಿಸುತ್ತದೆ.

ಪ್ಯಾನೆಲ್ ಹಾಕಿಸಿದ ಗೆಳೆಯನೊಬ್ಬನಿಗೆ ಈ ವಾದ ಕೇಳಿದರೇ ಸಿಟ್ಟು. "ಕೈಯಿಂದ ದುಡ್ಡು ಹಾಕಿದ್ದು ನಾನು" ಅನ್ನುತ್ತಾನೆ. ಅದೂ ಸುಳ್ಳಲ್ಲ. ಆದರೆ ರಾತ್ರಿ ಅವನ ಮನೆಯ ಫ್ಯಾನ್ ತಿರುಗುವುದೂ ಅದೇ ತಂತಿಯಿಂದ, ಅಲ್ವಾ?